ಪೌನೆ ಚಾರ್ ಎಂದರೆ ಎಷ್ಟು?

ಕಳೆದ ವಾರ ನಮ್ಮ ಮೈಸೂರಿನ ಅಪಾರ್ಟ್‌ಮೆಂಟಿಗೆ ಹೊಸದಾಗಿ ಬಂದ ಕೆಳಮನೆಯವರು ಸಾಸಿವೆ ಎಣ್ಣೆ ಕಾಯಿಸಿದರು. ಬೆಳ್ಳುಳ್ಳಿ ಜಜ್ಜಿ ಹಾಕಿ, ಹೊಗೆಯಾಡುವವರೆಗೆ. ನನ್ನ ಗಂಡ ಮೂಗು ಮುಚ್ಚಿಕೊಂಡು ಕಿಟಕಿ ಹಾಕಲು ಎದ್ದರು. ನಾನು ಬೇಡ ಎಂದೆ. ಈ ಘಾಟು ನಿನಗೆ ಇಷ್ಟವಾ ಎಂದು ಅವರು ಹುಬ್ಬೇರಿಸಿದರು. ಇಷ್ಟ ಎಂದಲ್ಲ. ಇಪ್ಪತ್ತು ವರ್ಷದ ಹತ್ತಿರ ಆಯಿತು, ಕೊಲ್ಕತ್ತಾದ ಒಂದು ಚಳಿಗಾಲ ಪೂರ್ತಿ ಆ ಎಣ್ಣೆಯನ್ನು ಮೀನಖಂಡಕ್ಕೆ ತಿಕ್ಕಿಕೊಂಡೇ ನಾನು ಆಫೀಸಿಗೆ ಹೋಗುತ್ತಿದ್ದೆ. ಲಿಫ್ಟಿನಲ್ಲಿ ನನ್ನ ಪಕ್ಕ ಯಾರೂ ನಿಲ್ಲುತ್ತಿರಲಿಲ್ಲ. ನಾನು ಅದನ್ನು ಗೌರವ ಎಂದುಕೊಂಡಿದ್ದೆ.

ಸಾಫ್ಟ್‌ವೇರ್ ಕಂಪನಿ ನನ್ನನ್ನು ಮೂರು ತಿಂಗಳಿಗೆಂದು ಅಲ್ಲಿಗೆ ಕಳಿಸಿ ಒಂದೂವರೆ ವರ್ಷ ಮರೆತುಬಿಟ್ಟ ಕಾಲ ಅದು. ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು. ನಿನ್ನೆ ಹುಲ್ಲು ಮೇಯುತ್ತಿದ್ದ ಹಸುವನ್ನು ಇವತ್ತು ಸೆಕ್ಯೂರಿಟಿ ಗಾರ್ಡ್ ಐಡಿ ಕಾರ್ಡ್ ಕೇಳುವ ಹಾಗೆ ಊರು ಬದಲಾಗುತ್ತಿತ್ತು. ನಾನಿದ್ದದ್ದು ಗರಿಯಾಹಾಟ್‌ನಲ್ಲಿ, ಸೀರೆ ಅಂಗಡಿಯೊಂದರ ಹಿಂದಿನ ಮಹಡಿಯ ಕೋಣೆಯಲ್ಲಿ. ದುರ್ಗಾ ಪೂಜೆಯ ಹಬ್ಬ ಮುಗಿಯುವಷ್ಟರಲ್ಲಿ ಸಂದೇಶ್, ರಸಗುಲ್ಲ ಅಂತ ಸಿಕ್ಕಿದ್ದೆಲ್ಲ ತಿಂದು ಚೂಡಿದಾರಗಳೆಲ್ಲ ಬಿಗಿಯಾಗಿದ್ದವು. ಹಾಗಾಗಿ ಬೆಳಿಗ್ಗೆ ಢಾಕುರಿಯಾ ಲೇಕ್ ಸುತ್ತ ಓಡಲು ಶುರು ಮಾಡಿದೆ. ಆರೋಗ್ಯ, ಛಲ, ಸಾಧನೆ ಎಂಬ ದೊಡ್ಡ ಮಾತುಗಳೆಲ್ಲ ಆಮೇಲೆ ಬಂದವು. ಮೊದಲು ಇದ್ದದ್ದು ಚೂಡಿದಾರ ಮಾತ್ರ.

ಮೂರನೆಯ ದಿನವೇ ಮುಗ್ಗರಿಸಿ ಬಿದ್ದೆ. "ಅಯ್ಯೋ ಕರ್ಮ" ಎಂದು ಬಾಯಿಂದ ಬಂತು. ಹಿಂದಿನಿಂದ ಒಂದು ದನಿ, ಅಪ್ಪಟ ಕನ್ನಡದಲ್ಲಿ:

"ಕರ್ಮ ಅಲ್ಲ ತಂಗಿ ಅದು, ಬೂಟಿನ ಲೇಸು. ಮೊದ್ಲ ಕಟ್ಕೋ."

ನೀಲಕ್ಕ ನನಗೆ ಸಿಕ್ಕಿದ್ದು ಹೀಗೆ. ಧಾರವಾಡದ ಕಡೆಯವರು, ನಲವತ್ತಾರು ವರ್ಷ. ಹುಡುಗಿಯಾಗಿದ್ದಾಗ ಚೆನ್ನಾಗಿ ಓಡುತ್ತಿದ್ದರೆಂದು ರೈಲ್ವೆಯವರು ಕ್ರೀಡಾಪಟುಗಳ ಕೋಟಾದಲ್ಲಿ ಕೆಲಸ ಕೊಟ್ಟು ಇಲ್ಲಿಗೆ ಕರೆಸಿಕೊಂಡಿದ್ದರು. ಆಮೇಲೆ ಓಟ ನಿಂತು ಹೌರಾ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೂತವರು, ಕೂತೇ ಇದ್ದರು. ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಬೂಟು ಹಾಕಿದ್ದರು. ಬೆಳಗಿನ ಮಂಜಿನಲ್ಲಿ ಊರಿನ ಗಂಡಸರೆಲ್ಲ ಕಿವಿ ಮುಚ್ಚುವ ಮಂಕಿ ಟೋಪಿ ಹಾಕಿಕೊಂಡು ನಡುಗುತ್ತ ನಡೆಯುವಾಗ, ನೀಲಕ್ಕ ಬಣ್ಣ ಮಾಸಿದ ರೈಲ್ವೆ ಟ್ರ್ಯಾಕ್ ಪ್ಯಾಂಟಿನಲ್ಲಿ, ತಲೆಗೆ ಏನೂ ಇಲ್ಲದೆ, ಒಂದೇ ಲಯದಲ್ಲಿ ಓಡುತ್ತಿದ್ದರು. ಓಡಿದ ಮೇಲೆ ಬೆಂಚಿನ ಮೇಲೆ ಕೂರಿಸಿ, ಡಬ್ಬಿಯಲ್ಲಿ ತಂದ ಸಾಸಿವೆ ಎಣ್ಣೆ ಕೊಟ್ಟು "ತಿಕ್ಕು" ಎನ್ನುತ್ತಿದ್ದರು. ಮೂಗು ಮುರಿದರೆ ಬೈಗುಳ.

ಅವರ ಒಂದು ಆಸೆ ನನಗೆ ಗೊತ್ತಾಗಲು ಒಂದು ತಿಂಗಳು ಹಿಡಿಯಿತು. ಜೀವನದಲ್ಲಿ ಒಂದೇ ಒಂದು ಸಲ ಪೂರ್ತಿ ಮ್ಯಾರಥಾನ್ ಓಡಬೇಕು.

"ನೀವು ಆಗಲೇ ಯಾಕ್ ಓಡ್ಲಿಲ್ಲ ಅಕ್ಕ? ಹುಡುಗಿ ಇದ್ದಾಗ?" ಎಂದು ಕೇಳಿದೆ.

"ಯಾರ ಬಿಡತಿದ್ರು? ಹೆಣಮಕ್ಕಳಿಗೆ ಅಷ್ಟ ದೂರದ ಓಟನ ಇರಲಿಲ್ಲ ನಮ್ಮ ಕ್ರೀಡಾಕೂಟದಾಗ. ನಾ ಹೋಗಿ ಕೇಳಿದೆ, ಗಂಡಸರ ಜೋಡಿ ಓಡ್ತೀನ್ರಿ ಅಂತ. ಅಲ್ಲಿನ ಸಾಹೇಬ ಕನ್ನಡಕ ತಗದು ನನ್ನ ನೋಡಿ ಏನಂದ ಗೊತ್ತೇನು? ಅಷ್ಟು ದೂರ ಓಡಿದ್ರ ಗರ್ಭಕೋಶ ಜಾರತದ ಅಂದ."

"ಆಮೇಲೆ?"

"ಆಮ್ಯಾಲೇನು, ಎರಡು ಹಡದೆ. ಎಲ್ಲೂ ಜಾರಲಿಲ್ಲ." ಎಣ್ಣೆಯ ಡಬ್ಬಿ ಮುಚ್ಚಿದರು. "ಮಂಡಿ ಮಾತ್ರ ಸವದಾವ. ಈ ವರ್ಷಕ್ಕ ಹೂಂ ಅಂದಾವ. ಮುಂದಿನ ವರ್ಷದ ಮಾತು ಅವನ್ನ ಕೇಳಬೇಕು."

ಲೇಕಿನ ಓಟಗಾರರದ್ದೊಂದು ಕ್ಲಬ್ಬಿತ್ತು. ಒಂದು ತಗಡಿನ ಕೋಣೆ, ಒಂದು ಕಪ್ಪು ಹಲಗೆ, ಹದಿನಾಲ್ಕು ಗಂಡಸರು, ಆಮೇಲೆ ನಾವಿಬ್ಬರು. ಕಾರ್ಯದರ್ಶಿ ಬಿಮಲ್‌ದಾ, ನಿವೃತ್ತ ಗಣಿತದ ಮೇಷ್ಟ್ರು, ಕುತ್ತಿಗೆಗೆ ದಾರ ಕಟ್ಟಿದ ಸ್ಟಾಪ್‌ವಾಚ್ ಹಾಕಿಕೊಂಡೇ ಬಹುಶಃ ಮಲಗುತ್ತಿದ್ದರು. ಆ ವರ್ಷ ಬೇರೊಂದು ಊರಿನ ದೊಡ್ಡ ಮ್ಯಾರಥಾನಿಗೆ ಹೆಸರು ಕಳಿಸುವ ಅವಕಾಶ ಕ್ಲಬ್ಬಿಗೆ ಸಿಕ್ಕಿತ್ತು. ಕ್ಲಬ್ಬು ಅರ್ಹರೆಂದು ಬರೆದುಕೊಟ್ಟವರಿಗೆ ಮಾತ್ರ ಪೂರ್ತಿ ಓಟದಲ್ಲಿ ಜಾಗ. ಅರ್ಹತೆಗೆ ಲೇಕ್ ಸುತ್ತ ಹತ್ತು ಸುತ್ತು, ಮೂವತ್ತು ಕಿಲೋಮೀಟರು.

ಊರೆಲ್ಲ ಸಾಫ್ಟ್‌ವೇರ್ ಆಗುತ್ತಿದ್ದರೂ ಬಿಮಲ್‌ದಾಗೆ ಈಮೇಲ್ ಎಂದರೆ ನಂಬಿಕೆಯಿಲ್ಲ. ಹಲಗೆಯ ಮೇಲೆ ಬಂಗಾಳಿಯಲ್ಲಿ ಬರೆದು, ಬಾಯಲ್ಲಿ ಓದಿ ಹೇಳಿದರು. ಗಂಡಸರಿಗೆ ಸಾಡೆ ತೀನ್ ಘಂಟೆ, ಹೆಂಗಸರಿಗೆ ಪೌನೆ ಚಾರ್.

ಸಾಡೆ ತೀನ್ ಎಂದರೆ ಮೂರೂವರೆ, ಅದು ನನಗೆ ಗೊತ್ತಿತ್ತು. ಪೌನೆ ಎಂದರೆ ಮುಕ್ಕಾಲು, ಅದೂ ಗೊತ್ತಿತ್ತು. ಮೈಸೂರಿನಲ್ಲಿ ಹುಟ್ಟಿ ಬೆಳೆದವಳು ನಾಲ್ಕನ್ನೂ ಮುಕ್ಕಾಲನ್ನೂ ಕೂಡಿಸಿದರೆ ಏನು ಬರಬೇಕೋ ಅದೇ ಬಂತು. ನಾಲ್ಕೂ ಮುಕ್ಕಾಲು.

ಗಂಡಸರಿಗಿಂತ ಒಂದೂಕಾಲು ಗಂಟೆ ಹೆಚ್ಚು! ನನಗೆ ಮೈಯೆಲ್ಲ ಉರಿಯಿತು. ಅಷ್ಟು ಹೊತ್ತಿನಲ್ಲಿ ನಮ್ಮಜ್ಜಿ ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ನಡೆದು ಮುಗಿಸುತ್ತಿದ್ದರು. ಇದಕ್ಕೆ ಹಿನ್ನೆಲೆಯೂ ಇತ್ತು. ಎಂಜಿನಿಯರಿಂಗ್ ಕಾಲೇಜಿನಲ್ಲಿ ನನಗೆ ಒಳ್ಳೆಯ ಅಂಕ ಬಂದರೆ ಹುಡುಗಿಯೆಂದು ಲ್ಯಾಬಿನಲ್ಲಿ ಹಾಕಿಕೊಟ್ಟರು ಎನ್ನುತ್ತಿದ್ದರು. ಕೆಲಸ ಸಿಕ್ಕಾಗ, ಈಗ ಹುಡುಗಿಯರನ್ನು ಲೆಕ್ಕ ತುಂಬಿಸೋಕೆ ತಗೋತಾರಂತೆ ಎಂದರು. ಹಾಗಾಗಿ ಯಾರಾದರೂ ನನಗೆ ಬಾಗಿಲು ತೆಗೆದು ಹಿಡಿದರೂ ಅನುಮಾನ ಪಡುವ ಜಾಯಮಾನ ನನ್ನದಾಗಿತ್ತು. ಅಷ್ಟರಲ್ಲಿ ನಾನು ಮೂವತ್ತು ಕಿಲೋಮೀಟರನ್ನು ನಾಲ್ಕು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತಿದ್ದೆ. ಕೊಟ್ಟಿದ್ದಕ್ಕಿಂತ ಮುಕ್ಕಾಲು ಗಂಟೆ ಮುಂಚೆ, ನೋಡಿ! ಸೊಕ್ಕಿಗೆ ಇನ್ನೇನು ಬೇಕು?

ಮುಂದಿನ ಭಾನುವಾರದ ಸಭೆಗೆ ನೀಲಕ್ಕ ಬಂದಿರಲಿಲ್ಲ, ಡ್ಯೂಟಿ ಇತ್ತು. ಸಭೆಯಲ್ಲಿ ಸುಬೀರ್‌ಬಾಬು ಎದ್ದು ನಿಂತರು. ಬ್ಯಾಂಕಿನಲ್ಲಿ ಮ್ಯಾನೇಜರು, ಖರ್ಜೂರದ ಬೆಲ್ಲದ ಸಂದೇಶ್ ಬಂತೆಂದರೆ ಮೊದಲ ಡಬ್ಬಿ ಕ್ಲಬ್ಬಿಗೆ ತರುತ್ತಿದ್ದ ಒಳ್ಳೆಯ ಮನುಷ್ಯ. ಅವರ ಓಟ ಯಾವಾಗಲೂ ಮೂರೂವರೆ ದಾಟಿ ಎರಡು ಮೂರು ನಿಮಿಷಕ್ಕೆ ಮುಗಿಯುತ್ತಿತ್ತು.

"ತಪ್ಪು ತಿಳಿಯಬೇಡಿ," ಎಂದರು ಇಂಗ್ಲಿಷಿನಲ್ಲಿ. "ನಾನು ಹೊರಗೆ, ನನಗಿಂತ ಹಿಂದೆ ಬಂದ ಹೆಂಗಸರು ಒಳಗೆ. ಇದು ನ್ಯಾಯವಾ?"

ನಾನು ಎದ್ದೆ. ನಮಗೆ ಯಾರ ಭಿಕ್ಷೆಯೂ ಬೇಡ, ಇಷ್ಟೊಂದು ಹೆಚ್ಚು ಸಮಯ ಕೊಡುವುದು ನಮಗೆ ಅವಮಾನ ಎಂದೆ. ಚಪ್ಪಾಳೆ ಬಿತ್ತು. ಇನ್ನೂ ಸ್ವಲ್ಪ ಮಾತಾಡಿದೆ. ಇನ್ನೂ ಚಪ್ಪಾಳೆ. ಹಾಗಾದರೆ ಎಲ್ಲರಿಗೂ ಒಂದೇ ಸಮಯ ಇಡೋಣವಾ ಎಂದು ಯಾರೋ ಕೇಳಿದರು. ನಾಲ್ಕು ಗಂಟೆಯವಳು ಮೂರೂವರೆಗೆ ಬರುವುದು ಹೇಗೆ ಎಂದು ಕೇಳಿಕೊಳ್ಳಬೇಕಿತ್ತು. ಆದರೆ ಚಪ್ಪಾಳೆ ಕೇಳಿದ ಕಿವಿಗೆ ಬೇರೇನೂ ಕೇಳುವುದಿಲ್ಲ. "ಇಡಿ" ಎಂದೆ. ಬಿಮಲ್‌ದಾ ಮಾತ್ರ ಕನ್ನಡಕದ ಮೇಲಿಂದ ನನ್ನನ್ನು ಒಂದು ಕ್ಷಣ ನೋಡಿ, "ನೀಲಾದಿಯ ಅಭಿಪ್ರಾಯವೂ ಇದೇನಾ?" ಎಂದರು. ನೀಲಕ್ಕ ಅವರಿಗೆಲ್ಲ ನೀಲಾದಿ. ನಾವಿಬ್ಬರೂ ಒಂದೇ ಎಂದು ನಾನು ಧಾರಾಳವಾಗಿ ಹೇಳಿಬಿಟ್ಟೆ. ಹೆಂಗಸರ ಸಾಲನ್ನು ಅವರು ಬಟ್ಟೆಯಿಂದ ಒರೆಸಿದರು.

ಮರುದಿನ ಬೆಳಿಗ್ಗೆ ನೀಲಕ್ಕ ನನ್ನನ್ನು ದಾಟಿಕೊಂಡು ಹೋದರು. ಮಾತಿಲ್ಲ. ಎರಡನೆಯ ಸುತ್ತಿನಲ್ಲೂ ಇಲ್ಲ. ಕೊನೆಗೆ ಬೆಂಚಿನ ಮೇಲೆ ಕೂತಾಗ ನಾನೇ ಹೋಗಿ ಪಕ್ಕ ಕೂತೆ. ಎಣ್ಣೆಯ ಡಬ್ಬಿ ಹೊರಗೆ ಬರಲಿಲ್ಲ.

"ಹದಿನೈದು ನಿಮಿಷ ನಿಂಗ ಅಷ್ಟ ಭಾರ ಆತೇನು?" ಎಂದರು.

"ಹದಿನೈದಾ? ಒಂದೂಕಾಲು ಗಂಟೆ ಅಲ್ವಾ ಅಕ್ಕ?"

ತಿರುಗಿ ನೋಡಿದರು. "ಪೌನೆ ಚಾರ್ ಅಂದ್ರ ಎಷ್ಟು?"

"ನಾಲ್ಕೂ ಮುಕ್ಕಾಲು."

"ನಿನ್ನ ಓದಿಗೆ ಬೆಂಕಿ ಹಾಕ!" ಹಣೆ ಚಚ್ಚಿಕೊಂಡರು. "ನಾಲ್ಕಕ್ಕ ಕಾಲು ಕಮ್ಮಿ ಅದು! ಮೂರೂ ಮುಕ್ಕಾಲು! ನಮ್ಮ ಕಡೆ ಸಂತ್ಯಾಗ ಬೆಂಡಿಕಾಯಿ ಮಾರಾಕಿಗೂ ಗೊತ್ತದ, ಪಾವಣೆ ಅಂದ್ರ ಕಾಲು ಕಮ್ಮಿ ಅಂತ. ಕಂಪ್ಯೂಟರ್ ಕಲತಾಕಿಗೆ ಗೊತ್ತಿಲ್ಲ!"

ಇಸ್ತ್ರಿಯವನು ಪೌನೆ ಆಠಕ್ಕೆ, ಎಂದರೆ ನನ್ನ ಲೆಕ್ಕದಲ್ಲಿ ಎಂಟೂ ಮುಕ್ಕಾಲಿಗೆ, ಬರುತ್ತೇನೆಂದು ಹೇಳಿ ಏಳೂ ಮುಕ್ಕಾಲಿಗೇ ಬಾಗಿಲು ಬಡಿಯುತ್ತಿದ್ದದ್ದು ಯಾಕೆಂದು ನನಗೆ ಆಗ ತಿಳಿಯಿತು. ಪಾಪ, ಅವನಿಗೆ ಹೊತ್ತುಗೊತ್ತಿಲ್ಲ ಎಂದು ಎರಡು ಸಲ ಬೈದಿದ್ದೆ. ನಗು ಬಂತು. ನೀಲಕ್ಕನ ಮುಖ ನೋಡಿದೆ, ನಗು ನಿಂತಿತು.

"ನಾ ಮೂರು ತಾಸು ನಲವತ್ತು ನಿಮಿಷದಾಗ ಮುಗಸ್ತೀನಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಚೆನ್ನಾಗಿತ್ತು. "ಐದು ನಿಮಿಷ ಕೈಯಾಗ ಇಟ್ಕೊಂಡು ಕೂತಿದ್ದೆ. ಮೂರೂವರೆಗೆ ಈ ಜನ್ಮದಾಗ ಆಗಂಗಿಲ್ಲ. ಆವಾಗ ಅವ್ರು ದೂರ ಕೊಡಲಿಲ್ಲ. ಈಗ ದೂರ ಸಿಕ್ಕದ, ನೀ ಟೈಮ್ ಕಸಗೊಂಡಿ."

ನಾನು ಅತ್ತೆ. ಚಳಿಗೆ ಮೂಗು ಸೋರುತ್ತಿದೆ ಎಂದು ನೋಡುವವರು ತಿಳಿದುಕೊಂಡಿರಬಹುದು. ಸಭೆಯಲ್ಲಿ ಎಲ್ಲ ಹೇಳಿ ಸರಿಮಾಡುತ್ತೇನೆ, ನೀವೂ ಬನ್ನಿ ಎಂದೆ. ಬೇಡಾಕ ಬರಂಗಿಲ್ಲ ನಾ ಎಂದು ಎದ್ದು ಹೋದರು.

ಆ ವಾರ ನಾನು ಆಫೀಸಿನಲ್ಲಿ ಬರೆದ ಪ್ರೋಗ್ರಾಮುಗಳಲ್ಲಿ ಎಷ್ಟು ತಪ್ಪಿದ್ದವೋ ದೇವರೇ ಬಲ್ಲ. ತಪ್ಪು ಅರ್ಥ ಮಾಡಿಕೊಂಡದ್ದಕ್ಕೆ ನಾಚಿಕೆಯಿರಲಿಲ್ಲ, ಭಾಷೆ ಬರದಿದ್ದರೆ ಯಾರಿಗೂ ಆಗುವುದೇ. ಇನ್ನೊಬ್ಬರ ಪರವಾಗಿ, ಅವರನ್ನು ಕೇಳದೆ, ನನ್ನ ಸೊಕ್ಕಿನ ಲೆಕ್ಕದಲ್ಲಿ ಅವರದ್ದನ್ನು ದಾನ ಮಾಡಿದ್ದೆನಲ್ಲ, ಅದು ಚುಚ್ಚುತ್ತಿತ್ತು. ಗುರುವಾರ ಸಂಜೆ ಹೌರಾಕ್ಕೆ ಹೋದೆ. ನೀಲಕ್ಕನ ಕೌಂಟರಿನ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ "ಎಲ್ಲಿಗೆ?" ಎಂದರು, ತಲೆಯೆತ್ತದೆ.

"ಭಾನುವಾರದ ಮೀಟಿಂಗಿಗೆ," ಎಂದೆ. "ನೀವು ಬೇಡ್ಕೋಬೇಡಿ. ನಾನೇ ಬೇಡ್ಕೋತೀನಿ. ನೀವು ಸುಮ್ನೆ ಕೂತ್ಕೊಳಿ ಸಾಕು."

ಹಿಂದೆ ನಿಂತವರು ಕೂಗಾಡುತ್ತಿದ್ದರು. "ಮೊದ್ಲ ಆಕಡೆ ಸರಿ," ಎಂದು ಗದರಿದರು. ಬರುತ್ತೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಬಂದರು. ಡ್ಯೂಟಿಯ ಸೀರೆಯಲ್ಲೇ, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತರು. ನಾನು ಹದಿನಾಲ್ಕು ಗಂಡಸರ ಮುಂದೆ ನಿಂತು ಪೌನೆ ಚಾರಿನ ಕತೆ ಹೇಳಿದೆ. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದಾಗ ತಗಡಿನ ಛಾವಣಿ ಹಾರುವಂತೆ ನಕ್ಕರು. ನಾನು ಊರು ಬಿಡುವವರೆಗೆ ಅವರೆಲ್ಲರಿಗೂ 'ಪೌನೆ ದಿದಿ'ಯಾಗಿಯೇ ಉಳಿದೆ.

ಸುಬೀರ್‌ಬಾಬು ನಗಲಿಲ್ಲ. "ಅದು ಸರಿ," ಎಂದರು. "ಆದರೆ ನನ್ನ ಪ್ರಶ್ನೆ ಹಾಗೇ ಇದೆಯಲ್ಲ. ಹದಿನೈದೇ ನಿಮಿಷ ಇರಲಿ, ಯಾಕೆ?"

ಉತ್ತರ ಸ್ಟೂಲಿನ ಕಡೆಯಿಂದ ಬಂತು, ಧಾರವಾಡದ ಎಳೆತ ಸೇರಿದ ಹಿಂದಿಯಲ್ಲಿ.

"ಸುಬೀರ್‌ಬಾಬು, ಹತ್ತು ಸುತ್ತು ಮುಗಿಸಿದಾಗ ನಿಮ್ಮ ಮೈಯಲ್ಲಿ ಎಷ್ಟು ಶಕ್ತಿ ಉಳಿದಿರುತ್ತೆ?"

"ಏನೂ ಇರಲ್ಲ."

"ನನ್ನ ಮೈಯಲ್ಲೂ ಏನೂ ಇರಲ್ಲ. ನಾವಿಬ್ಬರೂ ಪೂರ್ತಿ ಕೊಟ್ಟಿರ್ತೀವಿ. ಈ ಭೂಮಿ ಮೇಲೆ ಎಲ್ಲರಿಗಿಂತ ಜೋರಾಗಿ ಓಡೋ ಹೆಂಗಸು ಇದಾಳಲ್ಲ, ಅವಳೂ ಎಲ್ಲರಿಗಿಂತ ಜೋರಾಗಿ ಓಡೋ ಗಂಡಸಿನ ಹಿಂದೇನೇ ಬರ್ತಾಳೆ. ಅವಳೇನು ಸೋಮಾರಿನಾ? ದೇವರು ಮಾಡಿದ ಮೈ ಹಾಗಿದೆ. ದಣಿವು ಸಮ ಇರಬೇಕು. ಗಡಿಯಾರ ಒಂದನ್ನೇ ಸಮ ಮಾಡಿದರೆ ನ್ಯಾಯ ಆಗುತ್ತಾ?"

ಸುಬೀರ್‌ಬಾಬು "ಮತ್ತೆ ನನ್ನ ಮೂರು ನಿಮಿಷ?" ಎಂದರು, ಮಗುವಿನ ಹಾಗೆ.

"ಅದಕ್ಕೆ ನೀವು ಸಂದೇಶ್ ಬಿಡಬೇಕು," ಎಂದರು ನೀಲಕ್ಕ. ಈ ಸಲ ಅವರೂ ನಕ್ಕರು.

ಬಿಮಲ್‌ದಾ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಬರೆಯುತ್ತ ಓದಿದರು: "ಹೆಂಗಸರಿಗೆ ಛಾಡ್, ಹದಿನೈದು ನಿಮಿಷ."

ಛಾಡ್ ಎಂದರೆ ರಿಯಾಯಿತಿ. ಗರಿಯಾಹಾಟ್‌ನ ಸೀರೆ ಅಂಗಡಿಯವರೆಲ್ಲ ಆ ಪದವನ್ನು ಕೆಂಪಕ್ಷರದಲ್ಲಿ ನೇತುಹಾಕುತ್ತಿದ್ದರು. ನೀಲಕ್ಕ ಎದ್ದು ಹೋಗಿ, ಮೇಷ್ಟ್ರ ಕೈಯಿಂದ ಬಟ್ಟೆ ತೆಗೆದುಕೊಂಡು, ಅದೊಂದು ಪದವನ್ನು ಒರೆಸಿದರು.

"ಛಾಡ್ ಹಳೇ ಸ್ಟಾಕಿನ ಸೀರೆಗೆ, ದಾದಾ. ಹೆಂಗಸರ ಸಮಯ ಮೂರೂ ಮುಕ್ಕಾಲು ಅಂತ ಬರೀರಿ. ಗಂಡಸರದ್ದು ಮೂರೂವರೆ ಅಂತ ಹೇಗೆ ಬರೆದಿದೀರೋ ಹಾಗೆ."

ಬಿಮಲ್‌ದಾ ಹಾಗೇ ಬರೆದರು. ನನಗಾಗಿ ಪಕ್ಕದಲ್ಲಿ ಇಂಗ್ಲಿಷ್ ಅಂಕಿಯಲ್ಲೂ ಬರೆದರು.

ಅರ್ಹತೆಯ ಓಟ ನಡೆದ ಭಾನುವಾರ ದಟ್ಟ ಮಂಜು. ಲೇಕಿನ ನೀರು ಕಾಣುತ್ತಿರಲಿಲ್ಲ, ದೋಣಿಯ ಹುಟ್ಟು ಹಾಕುವವರ ದನಿ ಮಾತ್ರ ಕೇಳುತ್ತಿತ್ತು. ಕಲ್ಲಿದ್ದಲ ಒಲೆಯ ಹೊಗೆ ಗಂಟಲಿಗೆ ಇಳಿಯುತ್ತಿತ್ತು. ಮೊದಲ ಆರು ಸುತ್ತು ನಾನು ನೀಲಕ್ಕನ ಬೆನ್ನು ಹಿಡಿದು ಓಡಿದೆ. ಏಳನೆಯದರಲ್ಲಿ ಆ ಬೆನ್ನು ದೂರವಾಯಿತು. ಎಂಟನೆಯದರಲ್ಲಿ ಮಂಜಿನಲ್ಲಿ ಕರಗಿತು. ನನ್ನ ಕಾಲು ನನ್ನದಾಗಿರಲಿಲ್ಲ. ನಾಲ್ಕೂ ಮುಕ್ಕಾಲೆಂದುಕೊಂಡು ಆರಾಮವಾಗಿ ಕಳೆದ ಬೆಳಗುಗಳೆಲ್ಲ ಒಟ್ಟಾಗಿ ಬಂದು ತೊಡೆ ಹಿಡಿದವು. ಆ ಸಭೆಯ ನಂತರದ ಮೂರು ವಾರದ ಬೆವರಿಗೆ ಆ ಸೋಮಾರಿತನ ತೀರುವಂತಿರಲಿಲ್ಲ.

ಹತ್ತನೆಯ ಸುತ್ತಿನ ನಡುವೆ ದೂರದಲ್ಲಿ ಕೂಗು ಕೇಳಿತು. "ನೀಲಾದಿ! ನೀಲಾದಿ!" ಎಲ್ಲರಿಗಿಂತ ಜೋರಾದ ದನಿ ಸುಬೀರ್‌ಬಾಬು ಅವರದ್ದು. ಅವರ ಮೂರು ನಿಮಿಷ ಅವತ್ತು ಎರಡಕ್ಕೆ ಇಳಿದಿತ್ತಂತೆ, ಮೂರೂವರೆ ಮಾತ್ರ ಸಿಕ್ಕಿರಲಿಲ್ಲ. ತಮ್ಮದು ತಪ್ಪಿದ ಮೇಲೂ ಗೆರೆಯ ಹತ್ತಿರ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದರು. ನೀಲಕ್ಕ ಮೂರು ಗಂಟೆ ನಲವತ್ತೆರಡು ನಿಮಿಷಕ್ಕೆ ಮುಗಿಸಿದ್ದರು. ನಾನಿನ್ನೂ ಓಡುತ್ತಿದ್ದೆ, ಓಡುತ್ತಲೇ ಬಿಕ್ಕಿದೆ. ಸಂತೋಷಕ್ಕೆ ಉಸಿರು ಕಟ್ಟಿ ಇನ್ನೊಂದು ನಿಮಿಷ ಹಾಳಾಯಿತು.

ನಾನು ಗೆರೆ ದಾಟಿದಾಗ ಬಿಮಲ್‌ದಾ ಸ್ಟಾಪ್‌ವಾಚ್ ಒತ್ತಿ ಅದನ್ನೇ ನೋಡುತ್ತ ನಿಂತರು. ಮೂರು ಗಂಟೆ ಐವತ್ತೆರಡು. ನನ್ನ ಜೀವಮಾನದಲ್ಲಿ ಅಷ್ಟು ಬೇಗ ನಾನು ಓಡಿರಲಿಲ್ಲ. ಸಮಯಕ್ಕೆ ಏಳು ನಿಮಿಷ ತಡ.

ರಿಜಿಸ್ಟರ್ ತೆರೆದು ಪೆನ್ನು ಹಿಡಿದರು, ಬರೆಯಲಿಲ್ಲ. ದನಿ ತಗ್ಗಿಸಿದರು. "ಪೌನೆ ದಿದಿ, ಏಳು ನಿಮಿಷ ಏನು ಮಹಾ? ತಪ್ಪು ನಿನ್ನದಲ್ಲ, ಭಾಷೆಯದ್ದು. ಹೊರಗಿನ ಹುಡುಗಿ, ಇಷ್ಟು ಕಷ್ಟಪಟ್ಟಿದೀಯ. ಮೂರೂ ನಲವತ್ನಾಲ್ಕು ಅಂತ ಬರೆದುಬಿಡಲಾ?"

ಸುಳ್ಳು ಹೇಳಬಾರದು, ಒಂದು ಕ್ಷಣ ಬಾಯಿಗೆ ಹೂಂ ಬಂದಿತ್ತು. ಆ ಮುದುಕರ ಪ್ರೀತಿಯೂ ಹಾಗಿತ್ತು. ಹುಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದ ನೀಲಕ್ಕ ನನ್ನನ್ನೇ ನೋಡುತ್ತಿದ್ದರು. ಈ ಸಲ ನನ್ನ ಪರವಾಗಿ ಮಾತಾಡಬೇಕಾದವಳು ನಾನೇ.

"ಆಗಿದ್ದೇ ಬರೀರಿ ದಾದಾ," ಎಂದೆ.

ಬರೆದರು. ನೀಲಕ್ಕ ಎಣ್ಣೆಯ ಡಬ್ಬಿಯನ್ನು ನನ್ನತ್ತ ತಳ್ಳಿದರು. ಜನವರಿಯಲ್ಲಿ ಅವರು ಹೋಗಿ ಮ್ಯಾರಥಾನ್ ಓಡಿ, ಊದಿದ ಕಾಲು, ಕಿತ್ತುಹೋದ ಉಗುರು, ಕೊರಳಲ್ಲಿ ಪದಕದೊಂದಿಗೆ ಬಂದರು. ಮಂಡಿ ಮತ್ತೆ ಹೂಂ ಅನ್ನಲೇ ಇಲ್ಲ. ಆ ಕ್ಲಬ್ಬಿನ ರಿಜಿಸ್ಟರು ಈಗ ಎಲ್ಲಿದೆಯೋ. ಅದರಲ್ಲಿ ಹೆಂಗಸರ ಪುಟ ಎಂದು ಒಂದಿದೆ, ಎರಡೇ ಹೆಸರು. ಮೊದಲನೆಯದರ ಮುಂದೆ ಅರ್ಹ ಎಂದು ಬರೆದಿದೆ. ಎರಡನೆಯದರ ಮುಂದೆ ಅನರ್ಹ ಎಂದಿದೆ, ಅದು ನನ್ನ ಹೆಸರು. ಆಮೇಲಿನ ವರ್ಷಗಳಲ್ಲಿ ಎಷ್ಟೋ ಕಡೆ ಗೆದ್ದೆ, ಬಡ್ತಿ ಪಡೆದೆ, ಪ್ರತಿ ಸಲವೂ ಇದು ನಿಜವಾಗಿ ನನ್ನದೇನಾ ಎಂದು ಒಳಗೊಂದು ಅನುಮಾನ ಇಣುಕಿದೆ. ಆ ಏಳು ನಿಮಿಷದ ಬಗ್ಗೆ ಮಾತ್ರ ಒಂದು ದಿನವೂ ಅನುಮಾನ ಬಂದಿಲ್ಲ.